ಮೊದಲ ಸಲ ಸ್ಕೀಯಿಂಗ್‌ಗೆ ಹೊರಟ ಕಲಬುರಗಿ, ಬೀದರ್, ಯಾದಗಿರಿಯವರಿಗೆ

ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಬೆಳೆದವರಿಗೆ ಥಂಡಿ ಅಂದರೆ ಭಯ ಇದ್ದೇ ಇರುತ್ತದೆ. ಓದಲಿಕ್ಕೋ ಕೆಲಸಕ್ಕೋ ಆಲ್ಪ್ಸ್ ಸೀಮೆಗೆ ಬಂದ ನಮ್ಮ ಕಡೆಯವರು ಆ ಭಯದಲ್ಲೇ ಸಾಮಾನು ಆರಿಸುತ್ತಾರೆ: ದಪ್ಪ ಕಾಲುಚೀಲ, ಸಡಿಲ ಬೂಟು, ಒಂದರ ಮೇಲೊಂದು ಸ್ವೆಟರ್. ಗುಡ್ಡದ ಮೇಲೆ ಥಂಡಿ ಹಿಡಿಯುವುದು ಬಹಳ ಸಲ ಇವುಗಳಿಂದಲೇ.

ಊರಿಂದ ತರುವ ಸ್ವೆಟರ್, ಮಂಕಿ ಟೋಪಿ ಬಸ್ ಸ್ಟಾಪಿನವರೆಗೆ ಸಾಕು. ಹತ್ತಿ ಬನಿಯನ್, ಜೀನ್ಸ್ ಮಾತ್ರ ಗುಡ್ಡಕ್ಕೆ ಬೇಡವೇ ಬೇಡ. ಮಣ್ಣಿನ ಗಡಿಗೆಯಲ್ಲಿ ನೀರು ಹೇಗೆ ತಣ್ಣಗಾಗುತ್ತದೋ, ಬೆವರು ಹೀರಿದ ಹತ್ತಿ ಬಟ್ಟೆಯೊಳಗೆ ಮೈಯೂ ಹಾಗೇ ತಣ್ಣಗಾಗುತ್ತದೆ. ಇಳಿಯುವಾಗ ಬೆವರುತ್ತೀರಿ, ಆಮೇಲೆ ಮತ್ತೆ ಮೇಲೆ ಒಯ್ಯುವ ಚೇರ್‌ಲಿಫ್ಟಿನಲ್ಲಿ ಹತ್ತು ನಿಮಿಷ ಗಾಳಿಗೆ ಕೂರುತ್ತೀರಿ. ನಡುಕ ಶುರುವಾಗುವುದು ಆಗ. ಮೈಗೆ ಅಂಟಿದಂತೆ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಅಂಗಿ, ಅದರ ಮೇಲೆ ತೆಳು ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್. ಜಾಕೆಟ್ ಚೀಟಿಯಲ್ಲಿ 10,000 ಮಿ.ಮೀ. ಜಲನಿರೋಧಕತೆ ಇದ್ದರೆ ಮೊದಲ ವರ್ಷಕ್ಕೆ ಧಾರಾಳ. ಪ್ಯಾಂಟೂ ಜಲನಿರೋಧಕವೇ ಇರಲಿ, ಹೊಸಬರು ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚು! ಎತ್ತರ 1,000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಆದ್ದರಿಂದ ಊರೊಳಗಿನ ಹವೆ ನೋಡಿ ಬಟ್ಟೆ ಕಟ್ಟಬೇಡಿ.

ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದ ಹಲಗೆ, ಅಂದರೆ ಸ್ಕೀ, ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ನಿಲ್ಲಿಸಿದರೆ ಗದ್ದದಿಂದ ಮೂಗಿನ ನಡುವೆ ಬರುವಷ್ಟು ಉದ್ದ ಸಾಕು. ಅಂಗಡಿಯಲ್ಲಿ ಹೊತ್ತು ಹಿಡಿಯಬೇಕಾದ್ದು ಬೂಟಿಗೆ. ಊರಿನ ಎಂಟು, ಒಂಬತ್ತು ನಂಬರು ಇಲ್ಲಿ ನಡೆಯುವುದಿಲ್ಲ. ಪಾದದ ಉದ್ದ ಸೆಂಟಿಮೀಟರಿನಲ್ಲಿ ಎಷ್ಟೋ ಅದೇ ಅಳತೆ, ಅಂದರೆ 26.5 ಸೆಂ.ಮೀ. ಪಾದಕ್ಕೆ 26.5. ಮೊದಲು ಮೆತ್ತನೆಯ ಒಳಬೂಟು ಹೊರಗೆಳೆದು, ಬರೀ ಗಟ್ಟಿ ಕವಚದೊಳಗೆ ಕಾಲಿಟ್ಟು ಬೆರಳು ಮುಂದೆ ತಾಗಿಸಿ. ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂ.ಮೀ. ಜಾಗ ಉಳಿಯಬೇಕು. ಆಮೇಲೆ ಒಳಬೂಟು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಕಣಕಾಲಿನ ಬಕಲ್ ಬಿಗಿಮಾಡಿ. ಬೆರಳ ಮೇಲಿನದು ಸುಮ್ಮನೆ ಸಿಕ್ಕಿಸಿದರೆ ಸಾಕು. ನೆಟ್ಟಗೆ ನಿಂತಾಗ ಬೆರಳು ತುಸು ತಾಗುತ್ತದೆ, ಮೊಣಕಾಲು ಮುಂದೆ ಬಾಗಿಸಿದರೆ ಬಿಡುತ್ತದೆ. ಅದೇ ಸರಿ ಅಳತೆ.

ನಿಂತಾಗ ಬೆರಳು ತಾಗಿತೆಂದು ಒಂದು ನಂಬರು ದೊಡ್ಡದು ಕೇಳುವವರೇ ಬಹಳ. ದೊಡ್ಡ ಬೂಟಿನೊಳಗೆ ಹಿಮ್ಮಡಿ ಏಳುತ್ತದೆ, ಅದಕ್ಕೆ ಬಕಲ್ ಜಗ್ಗಿ ಬಿಗಿಯುತ್ತೀರಿ, ರಕ್ತ ಓಡಾಡುವುದು ಕಡಿಮೆಯಾಗಿ ಪಾದ ಮರಗಟ್ಟುತ್ತದೆ. ಎರಡು ಕಾಲುಚೀಲ ಹಾಕಿದರೂ ಇದೇ ಕಥೆ. ತೆಳುವಾದ, ಮೊಣಕಾಲವರೆಗಿನ ಒಂದೇ ಸ್ಕೀ ಕಾಲುಚೀಲ ಹಾಕಿ. ಒಳಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ. ಅದರ ಮಡಿಕೆ ಮಧ್ಯಾಹ್ನದೊಳಗೆ ಮೊಣಕಾಲ ಕೆಳಗಿನ ಎಲುಬಿಗೆ ಒತ್ತಿ ಗಾಯ ಮಾಡುತ್ತದೆ.

ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡಿಸುವ ಕೊಂಡಿಯೇ ಬೈಂಡಿಂಗ್. ಅದನ್ನು ಕೂರಿಸುವವರು ತೂಕ, ಎತ್ತರ, ವಯಸ್ಸು, ಸ್ಕೀಯಿಂಗ್ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ಇಲ್ಲಿ ಸಂಕೋಚವೂ ಬೇಡ, ದೊಡ್ಡಸ್ತಿಕೆಯೂ ಬೇಡ. ಚೆನ್ನಾಗಿ ಬರುತ್ತದೆ ಎಂದರೆ ಬಿಗಿ ಹೆಚ್ಚಿಡುತ್ತಾರೆ, ಬಿದ್ದಾಗ ಸ್ಕೀ ಕಳಚಿಕೊಳ್ಳದೆ ಮೊಣಕಾಲು ತಿರುಚುತ್ತದೆ. ತೂಕ ಕಡಿಮೆ ಹೇಳಿದರೆ ನಡುದಾರಿಯಲ್ಲೇ ಕಳಚುತ್ತದೆ. ಗೆಳೆಯರ ಜೊತೆ ಸ್ಕೀ ಅದಲುಬದಲು ಮಾಡಿದರೆ ಮತ್ತೆ ಕೂರಿಸಿಕೊಳ್ಳಲೇಬೇಕು, ಏಕೆಂದರೆ ಬೂಟಿನ ಅಡಿಯ ಉದ್ದವೂ ಆ ಲೆಕ್ಕದಲ್ಲಿದೆ.

ಹೆಲ್ಮೆಟ್ ಒಳಗೆ ಇಎನ್ 1077 ಎಂಬ ಯುರೋಪಿನ ಸುರಕ್ಷತಾ ಮುದ್ರೆ ನೋಡಿ, ಕೆಳಗೆ ಉಣ್ಣೆ ಟೋಪಿ ಹಾಕಬೇಡಿ. ಸ್ಕೀ ಕನ್ನಡಕದ ಗಾಜಿನ ಗುರುತಿನಲ್ಲಿ ಎಸ್3 ಬಿಸಿಲಿಗೆ, ಎಸ್1 ಮೋಡಕ್ಕೆ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣವನ್ನು ಶೇ. 80ರವರೆಗೂ ತಿರುಗಿ ಎಸೆಯುತ್ತದೆ. ನಮಗೆ ಬಿಸಿಲು ಹೊಸದಲ್ಲ ಎನ್ನಬೇಡಿ, ಮೂಗಿನ ಕೆಳಗೂ ಗದ್ದದ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ.

ಹೊರಡುವ ಮುಂಚೆ ಇನ್ನೂ ಊರಲ್ಲೇ ಇದ್ದರೆ, ಆರು ವಾರ ಬೆಳಗಿನ ಜಾವ ಯಾದಗಿರಿ ಕೋಟೆ ಗುಡ್ಡ ಹತ್ತಿ ಇಳಿಯಿರಿ. ಹತ್ತುವುದು ದಮ್ಮಿಗೆ, ಸ್ಕೀಯಿಂಗ್‌ಗೆ ಬೇಕಾದ್ದು ಇಳಿಯುವುದು. ಮೊಣಕಾಲು ಬಾಗಿಸಿ, ನಿಧಾನ, ತಡೆತಡೆದು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ಒಂದು ನಿಮಿಷ, ಮೂರು ಸಲ. ತೊಡೆ ಸೋತ ಮಧ್ಯಾಹ್ನವೇ ಬೀಳುವುದು ಹೆಚ್ಚು.

ಮೊದಲ ಎರಡು ಮೂರು ದಿನ ತರಬೇತಿ ತೆಗೆದುಕೊಳ್ಳಿ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ನೀಲಿ ದಾರಿ ಸುಲಭದ್ದು, ಕೆಂಪು ಮಧ್ಯಮ, ಕಪ್ಪು ಕಠಿಣ. ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭದ ಹಸಿರೂ ಇದೆ. ಅಮೆರಿಕದ ನೀಲಿ ಚೌಕ ಮಧ್ಯಮ ಮಟ್ಟದ್ದು, ಮೋಸಹೋಗಬೇಡಿ. ಮುಂದೆ, ಅಂದರೆ ಕೆಳಗೆ, ಇರುವವರಿಗೆ ದಾರಿಯ ಹಕ್ಕು, ನಿಲ್ಲುವುದಾದರೆ ಅಂಚಿನಲ್ಲಿ. ಗುರುತು ಹಾಕಿದ ದಾರಿ ಬಿಟ್ಟು ಹೋಗಲೇಬೇಡಿ. ವಿಮೆಯಲ್ಲಿ ಚಳಿಗಾಲದ ಕ್ರೀಡೆ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ ಎಂದು ಓದಿ ನೋಡಿ. ತುರ್ತಿಗೆ 112, ಆಸ್ಟ್ರಿಯಾದ ಗುಡ್ಡದಲ್ಲಿ 140, ಸ್ವಿಟ್ಜರ್ಲೆಂಡಿನಲ್ಲಿ 1414.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದಿಲ್ಲ, ಹಗುರ, ಹೆಪ್ಪುಗಟ್ಟುವುದಿಲ್ಲ. ಸಂಜೆ ರೂಮಿಗೆ ಬಂದ ಕೂಡಲೇ ಒಳಬೂಟು ತೆಗೆದು ಗಾಳಿಗಿಡಿ, ಹೀಟರಿನ ಮೇಲಲ್ಲ. ಖಾಲಿ ಕವಚದ ಬಕಲ್ ಸಡಿಲವಾಗಿ ಹಾಕಿಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಯಿ ಬಿಟ್ಟುಕೊಂಡು ಬೆಳಿಗ್ಗೆ ಬಕಲ್ ಸೇರಿಸಲು ಒದ್ದಾಡುತ್ತೀರಿ.