ಸ್ಪೇನ್‌ನ ಹಳ್ಳಿಯಲ್ಲಿ ನೆಲೆಸುವವರು ಪಾದ್ರೋನ್‌ನಲ್ಲಿ ಹೆಸರು ಬರೆಸುವ ಬಗೆ

ದೂರದಿಂದಲೇ ಕೆಲಸ ಮಾಡುವ ವಿದೇಶೀಯರಿಗಾಗಿ ಸ್ಪೇನ್ 2022ರ ಕಾನೂನೊಂದರ ಮೂಲಕ ಹೊಸ ವೀಸಾ ತಂದಿದೆ. ಅದರ ಬಲದಿಂದ ದೊಡ್ಡ ನಗರಗಳ ಬಾಡಿಗೆ ತಪ್ಪಿಸಿಕೊಂಡು ಗ್ರನಾದಾ ಪ್ರಾಂತ್ಯದ ಆಲ್ಪುಹಾರಾದಂತಹ ಬೆಟ್ಟದೂರುಗಳಲ್ಲಿ ಮನೆ ಮಾಡಬೇಕೆನ್ನುವ ಕನ್ನಡಿಗರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ವೀಸಾ ಕೊಡುವುದು ದೇಶ, ನಿಮ್ಮನ್ನು ನಿವಾಸಿಯೆಂದು ಬರೆದುಕೊಳ್ಳುವುದು ಊರು. ಊರಿನ ಪುರಸಭೆ ಇಟ್ಟುಕೊಳ್ಳುವ ಆ ಬರವಣಿಗೆಯ ಪುಸ್ತಕವೇ ಪಾದ್ರೋನ್. ವಾಸಿಸುವ ಊರಿನ ಪಾದ್ರೋನ್‌ನಲ್ಲಿ ಹೆಸರು ಬರೆಸುವುದು 1985ರ ಸ್ಥಳೀಯಾಡಳಿತ ಕಾನೂನಿನ ಪ್ರಕಾರ ಪ್ರತಿಯೊಬ್ಬರ ಕರ್ತವ್ಯ. ಇದನ್ನು ಅವಸರದಲ್ಲಿ ಮಾಡಿ, ಎರಡು ವರ್ಷಗಳ ನಂತರ ಕಂಗಾಲಾದವರನ್ನು ನಾನು ಮತ್ತೆ ಮತ್ತೆ ಕಂಡಿರುವುದರಿಂದ ಈ ಲೇಖನ.

ಮೊದಲು ಕಾಗದಪತ್ರ. ಪಾಸ್‌ಪೋರ್ಟ್, ಬಾಡಿಗೆ ಕರಾರು ಅಥವಾ ಮನೆಯ ಕ್ರಯಪತ್ರ ಇಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಕರಾರು ಒಬ್ಬರ ಹೆಸರಿನಲ್ಲಿದ್ದರೆ ಮನೆಯ ಉಳಿದವರಿಗೆ ಅವರ ಒಪ್ಪಿಗೆಯ ಸಹಿ ಬೇಕು. ಮಕ್ಕಳಿಗೆ ಜನನ ಪ್ರಮಾಣಪತ್ರ ಬೇಕು. ಅದಕ್ಕೆ ಭಾರತದಲ್ಲಿಯೇ ಅಪೊಸ್ಟಿಲ್, ಅಂದರೆ ದಾಖಲೆ ವಿದೇಶದಲ್ಲಿ ಮಾನ್ಯವಾಗಲು ಬೇಕಾದ ಸರ್ಕಾರಿ ಮುದ್ರೆ, ಹಾಕಿಸಿಕೊಂಡು ಹೊರಡಿ, ಅಲ್ಲಿಂದ ಮಾಡಿಸುವುದು ಬಹಳ ಕಷ್ಟ. ಅನುವಾದವನ್ನು ಸರ್ಕಾರದ ಮಾನ್ಯತೆ ಪಡೆದ ‘ತ್ರಾದುಕ್ತೋರ್ ಹುರಾದೊ’ ಅವರಿಂದಲೇ ಮಾಡಿಸಬೇಕು; ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ಸಿಗುವ ಮುದ್ರೆಯಿಲ್ಲದ ಅನುವಾದಗಳಿಗೆ ಹಣ ಸುರಿಯಬೇಡಿ. ಇನ್ನು ಕೆಲವರು ಹಣ ಪಡೆದು ತಮ್ಮ ವಿಳಾಸದಲ್ಲಿ ನಿಮ್ಮ ಹೆಸರು ಬರೆಸಿಕೊಡುತ್ತೇವೆ ಎನ್ನುತ್ತಾರೆ. ನೀವು ವಾಸಿಸದ ಮನೆಯಲ್ಲಿ ಹೆಸರು ಬರೆಸುವುದು ಸುಳ್ಳು ಹೇಳಿಕೆ, ಹಾಗೆ ಎಂದೂ ಮಾಡಬೇಡಿ.

ಎರಡನೆಯದು ವಿಳಾಸ. ಹಳ್ಳಿಯ ಮನೆಗಳಿಗೆ ಎಷ್ಟೋ ಬಾರಿ ಸಂಖ್ಯೆಯೇ ಇರುವುದಿಲ್ಲ. ತೋಟದ ಮನೆಗಳನ್ನು ‘ದಿಸೆಮಿನಾದೊ’, ಅಂದರೆ ಚದುರಿದ ಮನೆ, ಎಂದು ಬರೆಯುತ್ತಾರೆ. ಆದ್ದರಿಂದ ಭೂದಾಖಲೆಯಲ್ಲಿರುವ 20 ಅಕ್ಷರ ಮತ್ತು ಅಂಕಿಗಳ ‘ರೆಫೆರೆನ್ಸಿಯಾ ಕತಸ್ತ್ರಾಲ್’ ಅನ್ನು ಮಾಲೀಕರಿಂದ ಬರೆದುಕೊಂಡೇ ಹೋಗಿ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಸ್ಪೇನ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಕುಲನಾಮ ಇರುತ್ತವೆ, ಒಂದು ತಂದೆಯ ಕಡೆಯದು, ಇನ್ನೊಂದು ತಾಯಿಯ ಕಡೆಯದು. ಅರ್ಜಿಯಲ್ಲಿ ಎರಡಕ್ಕೂ ಪ್ರತ್ಯೇಕ ಜಾಗ ಇರುತ್ತದೆ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಲ್ಲಿ ಊರಿನ ಅಥವಾ ತಂದೆಯ ಹೆಸರು ಇರುತ್ತದೆ. ‘ಸುರೇಶ ಕುಮಾರ’ ಎಂಬ ಇಡೀ ಹೆಸರು ಒಂದೇ ಜಾಗದಲ್ಲಿದ್ದರೆ ಗುಮಾಸ್ತರು ‘ಕುಮಾರ’ವನ್ನು ಕುಲನಾಮ ಮಾಡಿಬಿಡಬಹುದು. ಆಗ ಪಾದ್ರೋನ್‌ನಲ್ಲಿ ಒಬ್ಬರು, ವಿದೇಶೀಯರ ಗುರುತಿನ ಚೀಟಿಯಾದ ಟಿಐಇಯಲ್ಲಿ ಇನ್ನೊಬ್ಬರು, ಆರೋಗ್ಯ ಕಾರ್ಡಿನಲ್ಲಿ ಮತ್ತೊಬ್ಬರು ಎಂಬಂತಾಗಿ, ಆ ಮೂವರೂ ಒಬ್ಬರೇ ಎಂದು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ನಿಮ್ಮ ವೀಸಾದಲ್ಲಿ ಮತ್ತು ವಿದೇಶೀಯರಿಗೆ ಕೊಡುವ ಗುರುತಿನ ಸಂಖ್ಯೆಯಾದ ಎನ್‌ಐಇಯ ಕಾಗದದಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಬರೆಯಿರಿ ಎಂದು ಕೇಳಿಕೊಳ್ಳಿ. ಎರಡನೆಯ ಕುಲನಾಮದ ಜಾಗ ಖಾಲಿಯಾಗಿರಲಿ. ತುಂಬಬೇಕೆಂದು ತಾಯಿಯ ಹೆಸರನ್ನು ಸೇರಿಸಬೇಡಿ. ಮುದ್ರಿತ ಪ್ರತಿ ಕೈಗೆ ಬಂದ ಮೇಲೆ ಕಿಟಕಿಯ ಮುಂದೆಯೇ ನಿಂತು ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆಗಳನ್ನು ಒಂದೊಂದಾಗಿ ಓದಿ. ಹಿಂದೆ ಸಾಲು ನಿಂತಿದೆಯೆಂದು ಸಂಕೋಚಪಡಬೇಡಿ. ಸಣ್ಣ ಊರುಗಳಲ್ಲಿ ಒಬ್ಬರೇ ಕಾರ್ಯದರ್ಶಿ ಎರಡು ಮೂರು ಊರುಗಳನ್ನು ನೋಡಿಕೊಳ್ಳುವುದುಂಟು. ತಿದ್ದುಪಡಿಗೆ ಮತ್ತೆ ಅವರು ಸಿಗಲು ದಿನಗಳು ಬೇಕಾಗಬಹುದು.

ಇದಕ್ಕಿಂತ ಅಪಾಯದ್ದು ನವೀಕರಣ. ಐರೋಪ್ಯ ಒಕ್ಕೂಟದ ಹೊರಗಿನವರು, ದೀರ್ಘಕಾಲದ ನಿವಾಸ ಪರವಾನಗಿ ಇಲ್ಲದವರಾದರೆ, ಎರಡು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಟಿಐಇ ಕಾರ್ಡಿನ ನವೀಕರಣವಾದರೆ ಪಾದ್ರೋನ್ ತಾನಾಗಿ ಮುಂದುವರಿಯುತ್ತದೆ ಎಂದು ನಂಬುವವರು ಬಹಳ. ಎರಡೂ ಬೇರೆ ಬೇರೆ. ಅವಧಿ ಮೀರಿದರೆ ನಿಮ್ಮ ವಾದ ಕೇಳದೆಯೇ ಹೆಸರು ತೆಗೆಯಲು ಕಾನೂನು ಅವಕಾಶ ಕೊಡುತ್ತದೆ. ಆಮೇಲೆ ಮತ್ತೆ ಬರೆಸಿದರೂ ನಡುವಿನ ತೆರಪು ದಾಖಲೆಯಲ್ಲಿ ಉಳಿದುಬಿಡುತ್ತದೆ. ಪೌರತ್ವಕ್ಕಾಗಿ ಭಾರತೀಯರು 10 ವರ್ಷಗಳ ನಿರಂತರ ಕಾನೂನುಬದ್ಧ ವಾಸವನ್ನು ತೋರಿಸಬೇಕಾಗುವುದರಿಂದ ಇಂತಹ ತೆರಪು ತಲೆನೋವಾಗುತ್ತದೆ. ಪತ್ರ ಬರಲಿ ಎಂದು ಕಾಯದೆ, ನೋಂದಣಿಯ ದಿನವೇ ಎರಡು ವರ್ಷಕ್ಕೆ ಮೂರು ತಿಂಗಳು ಮುಂಚಿನ ದಿನಾಂಕವನ್ನು ಫೋನಿನಲ್ಲಿ ಗುರುತು ಮಾಡಿಡಿ.

ಪಾದ್ರೋನ್ ನಿಮ್ಮೊಬ್ಬರ ಅನುಕೂಲಕ್ಕೆ ಮಾತ್ರ ಇರುವುದೂ ಅಲ್ಲ. ಕೇಂದ್ರದಿಂದ ಊರಿಗೆ ಬರುವ ಹಣದ ಪಾಲು ಅದರ ತಲೆಯೆಣಿಕೆಯ ಮೇಲೆ ನಿಂತಿದೆ. 250 ಜನರ ಊರಿಗೆ 5 ಸದಸ್ಯರ ಆಡಳಿತ ಮಂಡಳಿ ಇದ್ದರೆ, 251 ಜನರಾದಾಗ ಅದು 7 ಸದಸ್ಯರದಾಗುತ್ತದೆ. ಊರಿನ ರಸ್ತೆ, ನೀರು, ವೈದ್ಯಕೇಂದ್ರವನ್ನು ಬಳಸಿಕೊಂಡು ಹೆಸರು ಮಾತ್ರ ನಗರದಲ್ಲಿಟ್ಟುಕೊಳ್ಳುವುದು ಸರಿಯಲ್ಲ.

ನೋಂದಣಿಯ ನಂತರದ ಹೊಣೆಗಳನ್ನು ಕ್ಲುಪ್ತವಾಗಿ ಹೇಳುತ್ತೇನೆ. ಕಸ ಹಾಕುವ ಹೊತ್ತು ಪುರಸಭೆಯ ಫಲಕದಲ್ಲಿರುತ್ತದೆ. ಬೆಂಕಿಯ ವಿಷಯದಲ್ಲಿ ಮಾತ್ರ ಸಡಿಲಿಕೆ ಇಲ್ಲ: ಆಂದಲೂಸಿಯಾದಲ್ಲಿ ಜೂನ್ 1ರಿಂದ ಅಕ್ಟೋಬರ್ 15ರವರೆಗೆ ತೋಟದ ತರಗು ಸುಡುವಂತಿಲ್ಲ, ಉಳಿದ ಕಾಲದಲ್ಲೂ ಮೊದಲು ಕೇಳಿಯೇ ಸುಡಬೇಕು. ಜಮೀನಿನೊಂದಿಗೆ ಅಸೇಕಿಯಾ ಕಾಲುವೆಯ ನೀರಿನ ಸರದಿ ಬಂದಿದ್ದರೆ, ಕಾಲುವೆಯ ಹೂಳೆತ್ತುವ ಕೆಲಸದಲ್ಲೋ ವೆಚ್ಚದಲ್ಲೋ ನಿಮ್ಮ ಪಾಲೂ ಇರುತ್ತದೆ. ಮನೆ ದುರಸ್ತಿಗೆ, ಅದು ಎಷ್ಟೇ ಸಣ್ಣದಿರಲಿ, ಕೆಲಸ ಶುರುವಾಗುವ ಮೊದಲೇ ಪುರಸಭೆಯಲ್ಲಿ ವಿಚಾರಿಸಿ. ‘ಪರವಾನಗಿ ಬೇಡ’ ಎಂದು ಮೇಸ್ತ್ರಿ ಹೇಳಿದರೂ ಉತ್ತರ ಕೊಡಬೇಕಾದವರು ಮನೆಯ ಮಾಲೀಕರು. ಪಂಪನೇಯ್ರಾ, ಬುಬಿಯೋನ್, ಕಪಿಲೇಯ್ರಾದಂತಹ ಪಾರಂಪರಿಕ ಊರುಗಳಲ್ಲಿ ಹೊರಗೋಡೆ, ಚಪ್ಪಟೆ ಮಾಳಿಗೆಗಳನ್ನು ನಿಮ್ಮಿಷ್ಟದಂತೆ ಬದಲಿಸಲಾಗದು.

ಸ್ಪೇನ್‌ನಲ್ಲೇ ಬೇರೆ ಊರಿಗೆ ಹೋದರೆ ಅಲ್ಲಿ ಹೊಸದಾಗಿ ಬರೆಸಿದ ಕೂಡಲೇ ಹಳೆಯ ಊರಿಗೆ ಆ ಕಚೇರಿಯೇ ತಿಳಿಸುತ್ತದೆ. ದೇಶ ಬಿಟ್ಟು ಹೊರಡುವಾಗ ಮಾತ್ರ ನೀವೇ ಪುರಸಭೆಗೆ ಹೋಗಿ ಹೆಸರು ತೆಗೆಸಿ, ಅದರ ಪ್ರತಿಯನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಿ.