ಇಪ್ಪತ್ತೆರಡು ದಿನ ತಡವಾಗಿದ್ದಕ್ಕೆ ಗಾಡಿ ಠಾಣೆಯ ಅಂಗಳಕ್ಕೆ

ಊಟಕ್ಕೆ ಕುಳಿತಿದ್ದಾಗ ಅಕ್ಕನ ಮಗನ ಫೋನ್ ಬಂತು. ‘ಮಾಮಾ, ಗಾಡಿ ಹಿಡಿದಿದ್ದಾರೆ.’ ಗಂಗಾವತಿಯ ರೈಸ್ ಮಿಲ್ಲಿನಿಂದ ಕೊಪ್ಪಳಕ್ಕೆ ಹೊರಟಿದ್ದ ನನ್ನ ಪಿಕಪ್‌ನಲ್ಲಿ 25 ಕಿಲೋದ ಅರವತ್ತು ಚೀಲ ಸೋನಾ ಮಸೂರಿ ಇತ್ತು. ಆರ್‌ಸಿ, ವಿಮೆ, ಎಫ್‌ಸಿ (ಗಾಡಿ ಓಡಾಟಕ್ಕೆ ಯೋಗ್ಯವೆಂಬ ಪ್ರಮಾಣಪತ್ರ) ಎಲ್ಲವೂ ಸರಿಯಿದ್ದವು. ಹುಡುಗನ ಲೈಸೆನ್ಸ್ ಮಾತ್ರ ಮುಗಿದು 22 ದಿನವಾಗಿತ್ತು.

‘ಮುಗಿದ ಮೇಲೂ ಒಂದು ತಿಂಗಳು ನಡೆಯುತ್ತದೆ ಎಂದು ನೀವೇ ಹೇಳಿದ್ದಿರಲ್ಲ?’ ಎಂದ. ಹೇಳಿದ್ದು ನಿಜ. ಮೊದಲು ಅವಧಿ ಮುಗಿದ ಲೈಸೆನ್ಸ್‌ಗೆ 30 ದಿನಗಳ ರಿಯಾಯಿತಿ ಇತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅದನ್ನು ತೆಗೆದುಹಾಕಿದೆ. ಈಗ ಮುಗಿದ ಮೇಲೆ ಒಂದು ವರ್ಷದೊಳಗೆ ಪರೀಕ್ಷೆಯಿಲ್ಲದೆ ನವೀಕರಿಸಿಕೊಳ್ಳಬಹುದು, ಆದರೆ ನವೀಕರಣವಾಗುವವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡವನು ನಾನೊಬ್ಬನೇ ಅಲ್ಲ, ಮಿಲ್ಲಿನ ಮುಂದೆ ಸಾಲಾಗಿ ನಿಲ್ಲುವ ಅರ್ಧ ಚಾಲಕರು ಇಂದಿಗೂ ಹಾಗೆಯೇ ತಿಳಿದಿದ್ದಾರೆ.

ಠಾಣೆಗೆ ಹೋದಾಗ ನನ್ನ ವಾದ ಒಂದೇ: ತಪ್ಪು ಚಾಲಕನದು, ಗಾಡಿಯನ್ನು ಏಕೆ ಹಿಡಿಯುತ್ತೀರಿ? ಅಧಿಕಾರಿ ಸಿಟ್ಟಾಗದೆ ವಿವರಿಸಿದರು. ಮೋಟಾರು ವಾಹನ ಕಾಯ್ದೆಯ 207ನೇ ಕಲಂ ಪ್ರಕಾರ, ಲೈಸೆನ್ಸ್ ಇಲ್ಲದವರು ಓಡಿಸಿದರೆ ವಾಹನವನ್ನೇ ತಡೆಹಿಡಿಯಬಹುದು. ಓಡಿಸಿದವನಿಗೆ 181ನೇ ಕಲಂ, ಓಡಿಸಲು ಕೊಟ್ಟ ಮಾಲೀಕನಿಗೆ 180ನೇ ಕಲಂ. ಎರಡರಲ್ಲೂ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ನ್ಯಾಯಾಲಯಕ್ಕೆ ಹೋಗದೆ ಸ್ಥಳದಲ್ಲೇ ಮುಗಿಸುವ ದಂಡದ ದರವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ‘ನೀವೂ ಆರೋಪಿಯೇ’ ಎಂದಾಗ ಮಾತ್ರ ನನ್ನ ಬಾಯಿ ಕಟ್ಟಿತು.

ಅಲ್ಲಿ ನಾನು ಮಾಡಿದ ಒಂದೇ ಜಾಣತನವೆಂದರೆ ಗಾಡಿಯನ್ನು ಸುತ್ತು ಹಾಕಿದ್ದು. ಬ್ಯಾಟರಿ, ಸ್ಟೆಪ್ನಿ, ಜಾಕ್, ಟಾರ್ಪಾಲು, ಮ್ಯೂಸಿಕ್ ಸಿಸ್ಟಮ್ ಎಲ್ಲದರ ಫೋಟೊ ತೆಗೆದೆ. ಕಿಲೋಮೀಟರ್ ರೀಡಿಂಗ್ ಸಹಿತ ಅದನ್ನೆಲ್ಲ ಪಟ್ಟಿಯಲ್ಲಿ ಬರೆಸಿ, ಜಪ್ತಿಯ ರಸೀದಿ ಪಡೆದೆ. ಅಂಗಳದ ಮೂಲೆಯಲ್ಲಿ ಹಳೆಯ ಟ್ರ್ಯಾಕ್ಸ್ ಜೀಪೊಂದು ನಿಂತಿತ್ತು. ಅದರ ಬಾನೆಟ್ಟಿನೊಳಗಿಂದ ಬೆಳೆದ ಜಾಲಿ ಗಿಡ ಗಾಜಿನ ಎತ್ತರಕ್ಕೆ ಬಂದಿತ್ತು. ಅದನ್ನು ನೋಡಿದ ಮೇಲೆ ನಾಳೆ ಬರೋಣ ಎನ್ನುವ ಮಾತೇ ಹೊರಡಲಿಲ್ಲ. ಅಕ್ಕಿಯ ಮೇಲೆ ಯಾವ ಆರೋಪವೂ ಇಲ್ಲದ್ದರಿಂದ ಅನುಮತಿ ಕೇಳಿ, ಬಿಲ್ ತೋರಿಸಿ, ಸಂಜೆಯೊಳಗೆ ಚೀಲಗಳನ್ನು ಇನ್ನೊಂದು ಗಾಡಿಗೆ ಬದಲಾಯಿಸಿದೆ. ಹಮಾಲಿ ಎರಡೆರಡು ಸಲ ಕೊಡಬೇಕಾಯಿತು.

ಮರುದಿನ ಚಹಾದಂಗಡಿಯಲ್ಲಿ ದಲ್ಲಾಳಿಯೊಬ್ಬ ಎಲ್ಲವನ್ನೂ ‘ನೋಡಿಕೊಳ್ಳುತ್ತೇನೆ’ ಎಂದು ಎಂಟು ಸಾವಿರ ಕೇಳಿದ. ಹತ್ತು ಸಾಲಿನ ಅರ್ಜಿಗೆ ಎಂಟು ಸಾವಿರವೇ? 207ನೇ ಕಲಮಿನಲ್ಲಿಯೇ ಮಾಲೀಕ ದಾಖಲೆಗಳೊಂದಿಗೆ ಬಿಡುಗಡೆಗೆ ಅರ್ಜಿ ಕೊಡುವ ದಾರಿ ಇದೆ. ಬಿಳಿ ಹಾಳೆಯಲ್ಲಿ ನಾನೇ ಬರೆದೆ. ಆರ್‌ಸಿ, ವಿಮೆ, ಎಫ್‌ಸಿ, ತೆರಿಗೆ, ಹೊಗೆ ತಪಾಸಣೆ ಪ್ರಮಾಣಪತ್ರ, ನನ್ನ ಗುರುತಿನ ಚೀಟಿ, ಜಪ್ತಿಯ ರಸೀದಿ ಲಗತ್ತಿಸಿದೆ. ನಮ್ಮಿಬ್ಬರ ದಂಡವನ್ನೂ ಕಟ್ಟಿ ರಸೀದಿ ಸೇರಿಸಿದೆ. ದಂಡ ಕಟ್ಟಲು ಒಪ್ಪದಿದ್ದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಆಗ ಗಾಡಿಯನ್ನು ಮಧ್ಯಂತರವಾಗಿ ಬಿಡಿಸಿಕೊಳ್ಳಲು ಅಲ್ಲಿಯೇ ಅರ್ಜಿ ಹಾಕಬೇಕು, ವಕೀಲರು ಬೇಕು.

ಆ ರಾತ್ರಿ ನಿದ್ದೆ ಕೆಡಿಸಿದ್ದು ದಂಡವಲ್ಲ, ವಿಮೆ. ದಾರಿಯಲ್ಲಿ ಯಾರಿಗಾದರೂ ಗುದ್ದಿದ್ದರೆ? ಚಾಲಕನಿಗೆ ಲೈಸೆನ್ಸ್ ಇಲ್ಲದಿರುವಾಗ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ನ್ಯಾಯಾಲಯಗಳು ಅವಕಾಶ ಕೊಟ್ಟಿವೆ. ನನ್ನ ಎರಡೆಕರೆ ಗದ್ದೆ ಅದಕ್ಕೆ ಸಾಲುತ್ತಿರಲಿಲ್ಲ.

ಬಿಡುಗಡೆ ಆದೇಶ ಕೈಗೆ ಬಂದಾಗ ಇನ್ನೊಂದು ಪೇಚು. ಗಾಡಿಯನ್ನು ಒಯ್ಯುವವರು ಯಾರು? ಹುಡುಗ ನವೀಕರಣಕ್ಕೆ ಆನ್‌ಲೈನ್ ಅರ್ಜಿ ಹಾಕಿ, ವೈದ್ಯರ ಪ್ರಮಾಣಪತ್ರಕ್ಕೆ ಓಡಾಡುತ್ತಿದ್ದ. ನನ್ನ ಲೈಸೆನ್ಸ್ ಬೈಕಿಗೆ ಮಾತ್ರ. ಲಾರಿ ಸ್ಟ್ಯಾಂಡಿನಿಂದ ಪರಿಚಯದ ಚಾಲಕರೊಬ್ಬರನ್ನು ಕರೆತಂದೆ. ಹದಿನೈದು ವರ್ಷದಿಂದ ಬಲ್ಲವರು, ಆದರೂ ಲೈಸೆನ್ಸ್ ಕೇಳಿದೆ. ‘ನನ್ನದನ್ನೂ ಕೇಳುತ್ತೀರಾ?’ ಎಂದು ನಗುತ್ತ ಡಿಜಿಲಾಕರ್ ತೆರೆದು ತೋರಿಸಿದರು. ದಿನಾಂಕವನ್ನು ಎರಡು ಸಲ ಓದಿ ಕೀ ಕೊಟ್ಟೆ.