ಕಟ್ಟುವುದಕ್ಕೂ ‘ಕಟ್’ ಮಾಡುವುದಕ್ಕೂ ನಡುವೆ: ಒಂದು ಇಂಗ್ಲಿಷ್ ಪದವನ್ನು ಬಳಸುವ ಬಗೆ

ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: ‘ಕರೆಂಟ್ ಬಿಲ್ ಕಟ್ಟದಿದ್ದರೆ ಕಟ್ ಮಾಡುತ್ತಾರೆ.’ ಕನ್ನಡದ ‘ಕಟ್ಟು’ ಬಿಗಿಯುವ, ಜೋಡಿಸುವ, ಎಬ್ಬಿಸಿ ನಿಲ್ಲಿಸುವ ಕ್ರಿಯಾಪದ. ಕಿವಿಗೆ ಅದರ ತಮ್ಮನಂತೆ ಕೇಳಿಸುವ ಇಂಗ್ಲಿಷಿನ ‘ಕಟ್’ ಅದಕ್ಕೆ ನೇರ ವಿರೋಧಿ. ಎರಡನ್ನೂ ಒಂದೇ ಉಸಿರಿನಲ್ಲಿ ಆಡಿದರೂ ಮಾತಿನಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಅದೇ ‘ಕಟ್’ ಅನ್ನು ಇಂಗ್ಲಿಷಿನಲ್ಲಿ ಒಂದು ಪತ್ರಕ್ಕೋ ಇಮೇಲಿಗೋ ಇಳಿಸುವಾಗ ಎಡವುವವರು ಬಹಳ ಮಂದಿ. ಕನ್ನಡದಲ್ಲಿ ಏನನ್ನು ಹೇಗೆ ಕತ್ತರಿಸಲಾಗುತ್ತಿದೆ ಎಂಬುದನ್ನು ಬಹುಮಟ್ಟಿಗೆ ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ ‘ಕಟ್’ ತಾನಾಗಿ ಅಷ್ಟೇನೂ ಹೇಳುವುದಿಲ್ಲ, ಅದು ಯಾವ ವಸ್ತುವಿಗೆ ತಗಲುತ್ತದೆ ಮತ್ತು ಅದರ ಬೆನ್ನಿಗೆ ‘ಡೌನ್’, ‘ಆಫ್’, ‘ಔಟ್’ಗಳಲ್ಲಿ ಯಾವ ಪುಟ್ಟ ಪದ ಬರುತ್ತದೆ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಅಡುಗೆಮನೆಯಿಂದ ಆರಂಭಿಸುವುದು ಒಳ್ಳೆಯದು. ತರಕಾರಿಯನ್ನು ನಾವು ಹೆಚ್ಚುತ್ತೇವೆ, ತೆಂಗಿನಕಾಯಿಯನ್ನು ತುರಿಯುತ್ತೇವೆ, ಬಟ್ಟೆಯನ್ನು ಕತ್ತರಿಸುತ್ತೇವೆ, ಮರವನ್ನು ಕಡಿಯುತ್ತೇವೆ, ಕೊಂಬೆಯನ್ನು ಸವರುತ್ತೇವೆ, ಪೈರನ್ನು ಕೊಯ್ಯುತ್ತೇವೆ, ಸೌದೆಯನ್ನು ಸೀಳುತ್ತೇವೆ. ಕೋಸಂಬರಿಗೆ ಸೌತೆಕಾಯಿಯನ್ನು ಹೆಚ್ಚುವುದೂ ಇಲ್ಲ, ಕೊಚ್ಚುತ್ತೇವೆ: ಸಿಪ್ಪೆ ಹೆರೆದ ಕಾಯನ್ನು ಎಡಗೈಯಲ್ಲಿ ಹಿಡಿದು, ಅದರ ಮೇಲೆ ಚಾಕುವಿನಿಂದ ಉದ್ದಕ್ಕೂ ಒತ್ತೊತ್ತಾಗಿ ಗೀರುಗಳು ಬೀಳುವಂತೆ ಕೊಚ್ಚಿ, ಬಳಿಕ ಮೇಲಿನ ಪದರವನ್ನು ತೆಳ್ಳಗೆ ಸವರಿದರೆ ಅಕ್ಕಿಕಾಳಿಗಿಂತ ತುಸು ದಪ್ಪನೆಯ ಚೂರುಗಳು ಉದುರುತ್ತವೆ. ಇದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬರಿಯ ‘ಕಟ್’ ಸಾಲದು. ‘ಫೈನ್ಲಿ ಚಾಪ್’ ಎನ್ನಬೇಕು. ಬಿಲ್ಲೆಬಿಲ್ಲೆಯಾಗಿ ಹೆಚ್ಚಿದರೆ ‘ಸ್ಲೈಸ್’, ಸಣ್ಣ ಚೌಕಗಳಾಗಿ ಹೆಚ್ಚಿದರೆ ‘ಡೈಸ್’. ಅಂದರೆ ಇಂಗ್ಲಿಷಿಗೂ ಅಡುಗೆಮನೆಯಲ್ಲಿ ಬೇರೆ ಬೇರೆ ಪದಗಳಿವೆ. ಅವುಗಳನ್ನು ಮರೆತು ಎಲ್ಲಕ್ಕೂ ‘ಕಟ್ ಮಾಡಿ’ ಎನ್ನುವ ಅಭ್ಯಾಸ ನಮ್ಮದು. ಇನ್ನೊಂದು ವಿನೋದವನ್ನೂ ಇಲ್ಲೇ ಹೇಳಿಬಿಡಬಹುದು: ನಮ್ಮ ‘ಹೆಚ್ಚು’ ಎಂಬ ಪದಕ್ಕೆ ಅಧಿಕವಾಗು ಎಂಬ ಅರ್ಥವೂ ಇದೆ, ಇಂಗ್ಲಿಷಿನ ‘ಕಟ್’ಗೋ ಕಡಿಮೆ ಮಾಡು ಎಂಬ ಅರ್ಥವಿದೆ. ಈರುಳ್ಳಿಯನ್ನು ಹೆಚ್ಚುವುದೂ ಈರುಳ್ಳಿಯ ಬೆಲೆ ಹೆಚ್ಚುವುದೂ ನಮಗೆ ಒಂದೇ ಪದದಲ್ಲಿ ನಡೆದುಹೋಗುತ್ತವೆ.

ಇನ್ನು ವ್ಯಾಕರಣ. ಈ ಕ್ರಿಯಾಪದದ ಮೂರು ರೂಪಗಳೂ ಒಂದೇ: ಕಟ್, ಕಟ್, ಕಟ್. ‘ಕಟೆಡ್’ ಎಂಬುದು ಇಲ್ಲ. ‘ದೇ ಕಟ್ ದ ಕೇಕ್’ ಎಂದರೆ ಅವರು ಕೇಕ್ ಕತ್ತರಿಸುತ್ತಾರೆಯೋ ಕತ್ತರಿಸಿದರೋ ಎಂಬುದು ಆ ವಾಕ್ಯವೊಂದರಿಂದಲೇ ತಿಳಿಯದು. ಆದ್ದರಿಂದ ‘ಯೆಸ್ಟರ್‌ಡೇ’ಯಂತಹ ಕಾಲಸೂಚಕ ಪದವನ್ನು ಸೇರಿಸುವುದು ಕ್ಷೇಮ. ಪದವೇನೂ ಬಹಳ ಹಳೆಯದಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮಾಡುತ್ತಿದ್ದುದು ಇಂದಿನ ‘ಕಾರ್ವ್’ನ ಪೂರ್ವರೂಪ, ‘ಕಟ್’ ಅನಂತರ ಬಂದು ಅದನ್ನು ಕೆತ್ತನೆಗೂ ಊಟದ ಮೇಜಿನ ಮಾಂಸಕ್ಕೂ ಸೀಮಿತಗೊಳಿಸಿತು.

ವ್ಯಾಕರಣಕ್ಕೆ ಸೇರಿದ ಎರಡು ಎಡವಟ್ಟುಗಳನ್ನು ಮಾತ್ರ ತುಸು ವಿವರವಾಗಿ ನೋಡಬೇಕು. ಮೊದಲನೆಯದು ಕ್ಷೌರದ್ದು. ‘ಕಟಿಂಗ್ ಮಾಡಿಸಿಕೊಂಡೆ’ ಎನ್ನುವಾಗ ಮಾಡಿದವರು ಬೇರೆಯವರು ಎಂಬುದನ್ನು ನಮ್ಮ ‘ಇಸು’ ಪ್ರತ್ಯಯ ತಿಳಿಸುತ್ತದೆ. ಇಂಗ್ಲಿಷಿನಲ್ಲಿ ‘ಐ ಕಟ್ ಮೈ ಹೇರ್’ ಎಂದರೆ ಕನ್ನಡಿಯ ಮುಂದೆ ನಿಂತು ನಾವೇ ಕತ್ತರಿಸಿಕೊಂಡೆವು ಎಂದು ಕೇಳುವವರು ಎಣಿಸಬಹುದು. ‘ಐ ಹ್ಯಾಡ್ ಮೈ ಹೇರ್ ಕಟ್’ ಅಥವಾ ‘ಐ ಗಾಟ್ ಎ ಹೇರ್‌ಕಟ್’ ಎಂದರೆ ಅಂಗಡಿಗೆ ಹೋಗಿಬಂದದ್ದು ಸ್ಪಷ್ಟವಾಗುತ್ತದೆ. ಎರಡನೆಯದು ನನ್ನದೇ ಅನುಭವ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗಲಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು, ಒಂದು ದಿನದ ರಜೆ ಕೇಳಿ ಮೇಲಧಿಕಾರಿಗೆ ಬರೆದ ಪತ್ರದಲ್ಲಿ, ಒಂದು ಪದ ಹೆಚ್ಚಿದ್ದರೆ ಗಾಂಭೀರ್ಯವೂ ಹೆಚ್ಚೀತೆಂದು ‘ಐ ಕಟ್ ಆಫ್ ಮೈ ಫಿಂಗರ್’ ಎಂದು ಬರೆದಿದ್ದೆ. ‘ಆಫ್’ ಸೇರಿದರೆ ಬೆರಳು ತುಂಡಾಗಿ ಬಿತ್ತು ಎಂದೇ ಅರ್ಥ. ಯಾವ ಆಸ್ಪತ್ರೆ, ರಕ್ತ ಬೇಕೆ ಎಂದು ಮೂವರು ಫೋನ್ ಮಾಡಿದರು. ಮರುದಿನ ಬೆರಳಿಗೆ ಪುಟ್ಟ ಪಟ್ಟಿ ಸುತ್ತಿಕೊಂಡು ಹೋದಾಗ ಆದ ಮುಜುಗರವನ್ನು ಹೇಳಬೇಕಾಗಿಲ್ಲ.

ಬೆನ್ನಿಗೆ ಬರುವ ಪುಟ್ಟ ಪದದ ಶಕ್ತಿ ಅಂಥದ್ದು. ‘ಕಟ್ ಡೌನ್’ ಮರಕ್ಕೆ ತಗಲಿದರೆ ಬುಡಸಮೇತ ಕಡಿದು ಉರುಳಿಸುವುದು. ‘ಕಟ್ ಡೌನ್ ಆನ್ ಶುಗರ್’ ಎಂದರೆ ಸಕ್ಕರೆ ತಿನ್ನುವುದನ್ನು ಕಡಿಮೆ ಮಾಡುವುದು. ‘ಕಟ್ ಔಟ್ ಶುಗರ್’ ಎಂದರೆ ಪೂರ್ತಿ ಬಿಟ್ಟುಬಿಡುವುದು. ವೈದ್ಯರು ಈ ಎರಡರಲ್ಲಿ ಯಾವುದನ್ನು ಹೇಳಿದರೆಂದು ಕೇಳಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನಲ್ಲಿ ಮರದ ವಿಷಯವಂತೂ ಕಾನೂನಿನ ವಿಷಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಕಡಿಯುವ ಮೊದಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನಮ್ಮ ವಸತಿ ಸಮುಚ್ಚಯದ ಗೇಟಿನ ಬಳಿಯ ಹೊಂಗೆಮರದ ಒಂದು ಕೊಂಬೆ ತಂತಿಗೆ ತಾಗುತ್ತಿದ್ದಾಗ, ನಮ್ಮ ಸಂಘದವರೇ ಬರೆದ ಅರ್ಜಿಯಲ್ಲಿ ‘ಕಟ್ ಡೌನ್ ದ ಟ್ರೀ’ ಎಂದಿತ್ತು. ಬೇಕಾಗಿದ್ದುದು ಕೊಂಬೆ ಸವರುವುದು, ಕೇಳಿದ್ದು ಮರದ ಪ್ರಾಣ. ‘ಕಟ್ ಬ್ಯಾಕ್ ದ ಬ್ರಾಂಚ್’ ಅಥವಾ ‘ಪ್ರೂನ್’ ಎಂದು ತಿದ್ದಿ ಮತ್ತೆ ಬರೆಯಬೇಕಾಯಿತು. ಮೊದಲೇ ಕನ್ನಡದಲ್ಲಿ ಬರೆದಿದ್ದರೆ ‘ಸವರು’ ಎಂಬ ಪದವೇ ಕೆಲಸ ಮುಗಿಸುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಹಣದ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು; ಏಕೆಂದರೆ ಇಲ್ಲಿ ನಮ್ಮ ‘ಕಟ್’ ಮತ್ತು ಇಂಗ್ಲಿಷಿನ ‘ಕಟ್’ ಬೆನ್ನು ತಿರುಗಿಸಿ ನಿಲ್ಲುತ್ತವೆ. ‘ಈ ತಿಂಗಳು ಟ್ಯಾಕ್ಸ್ ಕಟ್ ಆಯಿತು’ ಎಂದು ಕಚೇರಿಯಲ್ಲಿ ಹೇಳುವವರು ಸಂಬಳದಲ್ಲಿ ತೆರಿಗೆ ಮುರಿದುಕೊಂಡರೆಂದು ಬೇಸರಪಡುತ್ತಿರುತ್ತಾರೆ. ಇಂಗ್ಲಿಷಿನ ‘ಟ್ಯಾಕ್ಸ್ ಕಟ್’ ಸಂತೋಷದ ಸುದ್ದಿ, ತೆರಿಗೆಯ ದರವನ್ನೇ ಇಳಿಸಿದ್ದಾರೆ ಎಂದು ಅದರ ಅರ್ಥ. ಹಾಗೆಯೇ ರಜೆ ಇಲ್ಲದೆ ಗೈರುಹಾಜರಾದ ದಿನದ ಸಂಬಳ ಹೋದರೆ ಅದು ‘ಪೇ ಕಟ್’ ಅಲ್ಲ. ಮುಂದೆ ಪ್ರತಿ ತಿಂಗಳೂ ಕೊಡುವ ಸಂಬಳವನ್ನೇ ತಗ್ಗಿಸಿದಾಗ ಆ ಪದ ಸಲ್ಲುತ್ತದೆ. ಮುರಿದುಕೊಂಡದ್ದಕ್ಕೆ ‘ಡಿಡಕ್ಟೆಡ್’ ಎನ್ನಬೇಕು. ಕನ್ನಡ ಪತ್ರಿಕೆಗಳಲ್ಲಿ ‘ಕಡಿತ’ ಎರಡೂ ಅರ್ಥಕ್ಕೆ ಓಡಾಡುವುದರಿಂದ, ಬರೆಯುವವರು ‘ತೆರಿಗೆ ಇಳಿಕೆ’ ಮತ್ತು ‘ತೆರಿಗೆ ಮುರಿತ’ ಎಂದು ಬಿಡಿಸಿ ಬರೆದರೆ ಓದುಗರಿಗೆ ಉಪಕಾರವಾಗುತ್ತದೆ.

ಫೋನಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ‘ಕಟ್ ದ ಕಾಲ್’ ಭಾರತೀಯ ಇಂಗ್ಲಿಷಿನ ಪ್ರಯೋಗ, ನಮ್ಮೊಳಗೆ ಸಲ್ಲುತ್ತದೆ. ಹೊರದೇಶದವರೊಡನೆ ‘ಹ್ಯಾಂಗ್ ಅಪ್’ ಎಂಬುದು ವಾಸಿ. ಮಾತಿನ ನಡುವೆ ತಾನಾಗಿ ಸಂಪರ್ಕ ತಪ್ಪಿದರೆ ‘ವಿ ಗಾಟ್ ಕಟ್ ಆಫ್’. ರಸ್ತೆಯಲ್ಲಿ ಪಕ್ಕದ ಗಾಡಿ ತಟ್ಟನೆ ಅಡ್ಡ ನುಗ್ಗಿದಾಗ ಬೆಂಗಳೂರಿಗರು ‘ಕಟ್ ಹೊಡೆದ’ ಎನ್ನುತ್ತಾರೆ. ಅಮೆರಿಕದವರು ಅದನ್ನೇ ‘ಕಟ್ ಮಿ ಆಫ್’ ಎನ್ನುತ್ತಾರೆ, ಬ್ರಿಟನ್ನಿನವರು ‘ಕಟ್ ಮಿ ಅಪ್’ ಎನ್ನುತ್ತಾರೆ. ಕೊನೆಯದನ್ನು ಮೊದಲ ಬಾರಿ ಕೇಳಿದವರಿಗೆ ಭಯವಾಗುವುದು ಸಹಜ.

ನಾಮಪದಗಳಲ್ಲಿ ಎರಡನ್ನು ಗಮನಿಸಿದರೆ ಸಾಕು. ಸಿಇಟಿ ಸೀಟು ಹಂಚಿಕೆಯ ಕಾಲದಲ್ಲಿ ಮನೆಮನೆಯಲ್ಲೂ ಕೇಳಿಬರುವ ‘ಕಟ್-ಆಫ್’ ಎಂದರೆ ಒಂದು ಕಾಲೇಜಿನ ಒಂದು ವಿಭಾಗದಲ್ಲಿ ಕೊನೆಯ ಸೀಟು ಪಡೆದವರ ರ‍್ಯಾಂಕ್. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಹಾರ ಹಾಕಿಸಿಕೊಂಡು ನಿಲ್ಲುತ್ತಿದ್ದ ನಾಯಕನಟರ ಆಳೆತ್ತರ ಮೀರಿದ ಚಿತ್ರಗಳು ‘ಕಟ್-ಔಟ್’ಗಳು. ಆದರೆ ಕ್ರಿಯಾಪದವಾಗಿ ‘ದ ಎಂಜಿನ್ ಕಟ್ ಔಟ್’ ಎಂದರೆ ಎಂಜಿನ್ ನಡುವೆಯೇ ನಿಂತುಹೋಯಿತು ಎಂದು. ‘ಕಟ್ ಔಟ್ ಫಾರ್ ಟೀಚಿಂಗ್’ ಎಂದರೆ ಪಾಠ ಹೇಳುವುದಕ್ಕೆ ಹೇಳಿ ಮಾಡಿಸಿದಂತಹ ಮನುಷ್ಯ. ಇಂಗ್ಲಿಷಿನವರು ಬಟ್ಟೆಯನ್ನು ಅಳತೆಗೆ ಕತ್ತರಿಸಿದರು, ನಾವು ಮಾಡುವವನಿಗೆ ಹೇಳಿ ಮಾಡಿಸಿದೆವು, ಅಷ್ಟೇ.

ಕಂಪ್ಯೂಟರಿನ ‘ಕಟ್’ ಮಾತ್ರ ಕತ್ತರಿಗೆ ನಿಷ್ಠವಾಗಿದೆ. ಹಸ್ತಪ್ರತಿಯ ಸಾಲುಗಳನ್ನು ಕತ್ತರಿಯಿಂದ ಕತ್ತರಿಸಿ ಬೇರೆಡೆ ಗೋಂದು ಹಚ್ಚಿ ಅಂಟಿಸುತ್ತಿದ್ದ ಸಂಪಾದಕರ ಪದ್ಧತಿಯನ್ನು, 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ತೆರೆಯ ಮೇಲೆ ತಂದರು. ಕನ್ನಡದಲ್ಲಿ ಇದಕ್ಕೆ ‘ಕತ್ತರಿಸು’, ‘ಅಂಟಿಸು’ ಎಂಬ ಪದಗಳು ಸರಾಗವಾಗಿ ಹೊಂದಿಕೊಂಡಿವೆ.

ಎಲ್ಲ ‘ಕಟ್’ಗಳಿಗೂ ಕತ್ತರಿಯನ್ನೇ ಹುಡುಕಬಾರದು ಎಂಬುದಕ್ಕೆ ‘ಪವರ್ ಕಟ್’ ಒಳ್ಳೆಯ ಉದಾಹರಣೆ. ಪತ್ರಿಕೆಗಳಲ್ಲಿ ಬರುವ ಬೆಸ್ಕಾಂ ಪ್ರಕಟಣೆಗಳ ತಲೆಬರಹ ‘ವಿದ್ಯುತ್ ವ್ಯತ್ಯಯ’ ಎಂದಿರುತ್ತದೆ, ಮನೆಯಲ್ಲಿ ‘ಕರೆಂಟ್ ಹೋಯಿತು’ ಎನ್ನುತ್ತೇವೆ. ಎರಡರಲ್ಲೂ ಯಾರೂ ಏನನ್ನೂ ಕತ್ತರಿಸುವುದಿಲ್ಲ. ‘ರೋಡ್ ಕಟಿಂಗ್’ ಕೂಡ ನಮಗೆ ರಸ್ತೆ ಅಗೆಯುವುದೇ. ಇನ್ನು ಮುಂಬೈಯಲ್ಲಿ ಅರ್ಧ ಲೋಟ ಚಹಾಕ್ಕೆ ‘ಕಟಿಂಗ್’ ಎಂಬ ಹೆಸರಿದೆ. ನಮ್ಮಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದಕ್ಕೆ ‘ಬೈ ಟು’ ಎನ್ನಬೇಕು. ದರ್ಶಿನಿಯ ಕೌಂಟರಿನಲ್ಲಿ ನಿಂತು ‘ಒಂದು ಕಟಿಂಗ್ ಕೊಡಿ’ ಎಂದರೆ ಅವರು ಎದುರಿನ ಕ್ಷೌರದಂಗಡಿಯ ಕಡೆಗೆ ಕೈ ತೋರಿಸಿಯಾರು.